ಅವ್ವನ ಸಂಚಿ, ನನ್ನ ಸೂಟ್‌ಕೇಸು

ದುಬೈಯಲ್ಲಿರುವ ತಂಗಿಗೆ ಜೂನ್ ಮೊದಲ ವಾರ ಹೆರಿಗೆ ಎಂದು ಹೇಳಿದ್ದರು. ಬಾಣಂತನಕ್ಕೆ ಅವ್ವ ಹೋಗಲೇಬೇಕು. ಆದರೆ ಅವ್ವ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಮೇಲಾಗಿ ಶುಗರ್, ಬಿಪಿ, ಮೊಣಕಾಲು ನೋವು. ಬಿಟ್ಟು ಬರಲು ನಾನೂ ಎಂಟು ದಿನ ರಜೆ ಹಾಕಿದೆ. ದೆಹಲಿ, ಬೆಂಗಳೂರು ಅಂತ ಏಳೆಂಟು ಸಲ ವಿಮಾನ ಹತ್ತಿಳಿದವನು ನಾನು. ಮನೆಯಲ್ಲಿ ಅದರ ಜಂಬ ಸ್ವಲ್ಪ ಜಾಸ್ತಿನೇ ಇತ್ತು.

ಹೊರಡುವ ಹಿಂದಿನ ದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಸಾಮಾನೆಲ್ಲ ಹರಡಿದೆವು. ಮೇ ತಿಂಗಳ ರಾಯಚೂರು, ಕೇಳಬೇಕೆ? ಫ್ಯಾನಿನಿಂದ ಬರುತ್ತಿದ್ದುದೂ ಬಿಸಿ ಗಾಳಿಯೇ. ಅವ್ವ ನಾಲ್ಕು ದಿನ ಕೂತು ಅಂಟಿನ ಉಂಡಿ ಕಟ್ಟಿದ್ದಳು. ಉತ್ತತ್ತಿ, ಕೊಬ್ಬರಿ, ಅಂಟು, ಬೆಲ್ಲ, ತುಪ್ಪ, ಮೇಲೆ ಕೈತುಂಬ ಗಸಗಸೆ. ಅಲ್ಲಿ ಇನ್ನೊಂದು ಸಲ ಕಟ್ಟೋಣವೆಂದು ಎರಡು ಕಿಲೋ ಒಣಕೊಬ್ಬರಿ ಬಟ್ಟಲು ಬೇರೆ ಇಟ್ಟುಕೊಂಡಿದ್ದಳು.

ನಾನು ಒಂದೊಂದೇ ತೆಗೆದು ಪಕ್ಕಕ್ಕಿಡತೊಡಗಿದೆ. ಒಣಕೊಬ್ಬರಿ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅಂತ ನಮ್ಮ ದೇಶದ ವಿಮಾನಗಳಲ್ಲಿ ಬಿಡುವುದಿಲ್ಲ. ಇನ್ನು ಗಸಗಸೆಯ ಹೆಸರನ್ನೇ ಎತ್ತಬಾರದು. ಗಸಗಸೆ ಅಫೀಮಿನ ಗಿಡದ ಬೀಜ. ದುಬೈಯಲ್ಲಿ ಅದಕ್ಕೆ ಪೂರಾ ನಿಷೇಧ. ಸಿಕ್ಕಿಬಿದ್ದರೆ ಪೊಲೀಸು, ಕೇಸು.

ಅವ್ವ ನನ್ನ ಮುಖವನ್ನೇ ನೋಡಿದಳು. "ಪಾಯಸಕ್ಕ ಹಾಕೋ ಗಸಗಸಿಗೆ ಕೇಸಾ? ಎಂಥಾ ಊರೋ ಅದು!"

ಆ ಉಂಡಿಗಳನ್ನು ಓಣಿಯವರಿಗೆ ಹಂಚಿದಳು. ರಾತ್ರಿ ಹತ್ತಕ್ಕೆ ಮತ್ತೆ ಒಲೆ ಹಚ್ಚಿ, ಗಸಗಸೆ ಇಲ್ಲದೆ ಹೊಸದಾಗಿ ಮೂವತ್ತು ಉಂಡಿ ಕಟ್ಟಿದಳು. ಅದು ಸಿಟ್ಟಿನ ಉಂಡಿ. ಗಾತ್ರದಲ್ಲಿ ದೊಡ್ಡವೇ ಇದ್ದವು.

ಆಮೇಲೆ ಎಣ್ಣೆ ಬಾಟಲಿಯ ಸರದಿ. 200 ಎಂಎಲ್ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಕೊಬ್ಬರಿ ಎಣ್ಣೆ. ಅದು ಕೈಚೀಲದಲ್ಲೇ ಇರಲಿ ಅಂದಳು. ಒಳಗೆ ಎಷ್ಟಿದೆ ಅನ್ನುವುದನ್ನು ಅವರು ನೋಡುವುದಿಲ್ಲ, ಬಾಟಲಿಯ ಅಳತೆ ನೋಡುತ್ತಾರೆ, ಅದು 100 ಎಂಎಲ್ ದಾಟಬಾರದು, ಅಂಥ ಬಾಟಲಿಗಳೆಲ್ಲ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು ಅಂತ ಬಿಡಿಸಿ ಹೇಳಿದೆ.

"ಯಾಕ? ಎಣ್ಣಿ ಏನು ಬಾಂಬಾ?"

"ಬಾಂಬಿನ ಕಥೀನೇ ಅವ್ವ." 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಒಂದಿಷ್ಟು ಜನ ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ ವಿಮಾನಗಳನ್ನು ಸ್ಫೋಟಿಸಲು ಹೊಂಚು ಹಾಕಿ ಸಿಕ್ಕಿಬಿದ್ದಿದ್ದರು. ಆವತ್ತಿನಿಂದ ಹುಟ್ಟಿದ ನಿಯಮವಿದು. ಅವ್ವ ಅರ್ಧ ಕೇಳಿದಳು, ಅರ್ಧ ಬಿಟ್ಟಳು. ಕೊನೆಗೆ ಎಣ್ಣೆಯನ್ನು ಸಣ್ಣ ಬಾಟಲಿಗೆ ಬಗ್ಗಿಸಿಕೊಂಡಳು.

ಔಷಧದ ವಿಷಯದಲ್ಲಿ ಮಾತ್ರ ಪಾಠ ಕಲಿತದ್ದು ನಾನು. ಇನ್ಸುಲಿನ್ ಪೆನ್ನು, ಒಡೆಯದ ಕಾಟ್ರಿಜ್‌ಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ ಕೈ ಹಗುರ ಮಾಡಿಕೊಳ್ಳೋಣ ಅಂತಿದ್ದೆ. ಸಂಜೆ ಮೆಡಿಕಲ್‌ಗೆ ಹೋದಾಗ ಅಂಗಡಿಯವರು ಗದರಿಸಿಯೇ ಬಿಟ್ಟರು. ವಿಮಾನದ ಹೊಟ್ಟೆಯಲ್ಲಿ ಚಳಿ ಎಷ್ಟಕ್ಕೆ ಇಳಿಯುತ್ತದೋ ಹೇಳಲಾಗದಂತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ಬಿಸಿಲಿಗೂ ಕೆಡುತ್ತದೆ, ಐಸಿಗೆ ನೇರ ತಾಗಿದರೂ ಕೆಡುತ್ತದೆ. ನಮ್ಮಲ್ಲಿ ಕರೆಂಟ್ ಹೋದಾಗ ಮಣ್ಣಿನ ಮಡಿಕೆಯಲ್ಲಿಡುವುದು ಗೊತ್ತಿತ್ತು. ಆದರೆ ವಿಮಾನಕ್ಕೆ ಮಡಿಕೆ ಒಯ್ಯಲಾದೀತೇ? ಅವರೇ ಒಂದು ತಂಪು ಚೀಲ ಕೊಟ್ಟರು.

ಅವ್ವನ ಗುಳಿಗೆಗಳದು ಬೇರೆಯೇ ಕಥೆ. ಸ್ಟ್ರಿಪ್‌ಗಳನ್ನು ಕತ್ತರಿಸಿ ದಿನಕ್ಕಿಷ್ಟು ಅಂತ ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟುಕೊಳ್ಳುವವಳು. ಯಾವ ತುಂಡಿನ ಮೇಲೂ ಪೂರ್ತಿ ಹೆಸರಿಲ್ಲ. ಕೆಂಪಂದು ಬಿಪಿಗೆ, ಉದ್ದಂದು ಶುಗರ್‌ಗೆ, ಅಷ್ಟೇ ಲೆಕ್ಕ. ಅದನ್ನೆಲ್ಲ ಬಿಟ್ಟು ಕತ್ತರಿ ಬೀಳದ ಸ್ಟ್ರಿಪ್‌ಗಳನ್ನೇ ತಂದೆ. ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿದೆ. ನಮ್ಮ ಕಂಪನಿ ಹೆಸರು ಆ ದೇಶದವರಿಗೆ ತಿಳಿಯದು ಅಂತ ಅವರು ಒಳಗಿನ ಔಷಧದ ಹೆಸರನ್ನೇ ಬರೆದುಕೊಟ್ಟರು. ಮೊಣಕಾಲಿನ ಗುಳಿಗೆ ನೋಡಿದವರೇ ತೆಗೆದು ಪಕ್ಕಕ್ಕಿಟ್ಟರು. ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇತ್ತು. ಅಂಥದನ್ನು ಮೊದಲೇ ಅನುಮತಿ ಪಡೆಯದೆ ಅಲ್ಲಿಗೆ ಒಯ್ಯುವಂತಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಗತಿ. ಬರೀ ಪ್ಯಾರಾಸಿಟಮಾಲ್ ಸಾಕು ಅಂದರು. ಗಸಗಸೆಯ ಮೇಲೆ ಇದೂ ಹೋಯಿತಲ್ಲ ಅಂತ ಅವ್ವ ನಿಟ್ಟುಸಿರು ಬಿಟ್ಟಳು.

ಮರುದಿನ ನಸುಕಿಗೇ ಕಾರು. ನಮಗೆ ಹೈದರಾಬಾದೇ ಹತ್ತಿರ, ಸುಮಾರು 200 ಕಿಲೋಮೀಟರ್. 1956ರವರೆಗೆ ನಾವು ಆ ರಾಜ್ಯದವರೇ ಆಗಿದ್ದೆವಲ್ಲ. ಶಕ್ತಿನಗರದ ಹತ್ತಿರ ಕೃಷ್ಣಾ ದಾಟುವಾಗ ಅವ್ವ ಕೈ ಮುಗಿದಳು. ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲ, ಆಮೇಲೆ ಶಂಷಾಬಾದ್.

ತಪಾಸಣೆಯಲ್ಲಿ ಅವ್ವನ ಸಂಚಿ ತೆಗೆಸಿದರು. ಸೂಜಿ ಕಂಡಿರಬೇಕು. ಯೇ ಕ್ಯಾ ಹೈ ಅಂತ ಸಿಬ್ಬಂದಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ನಮ್ಮ ರಾಯಚೂರು ಹಿಂದಿಯಲ್ಲಿ, "ಶುಗರ್ ಕಾ ಸೂಜಿ ಹೈ ಬೇಟಾ, ಚೀಟಿ ಬೀ ಹೈ" ಅಂದಳು. ಚೀಟಿ ನೋಡಿ ಆತ ನಕ್ಕು ಬಿಟ್ಟ. ಅವಳ ಉಳಿದ ಸಾಮಾನು ಏನು? ಸೋಪು, ಸೀಗೆಕಾಯಿ ಪುಡಿ, ಹಲ್ಲುಪುಡಿ, ಸಣ್ಣ ಎಣ್ಣೆ ಬಾಟಲಿ. ಎಲ್ಲ ಪಾಸು.

ಆಮೇಲೆ ನನ್ನ ಬ್ಯಾಗು. ಅರ್ಧ ಖಾಲಿಯಾದ 150 ಗ್ರಾಂ ಟೂತ್‌ಪೇಸ್ಟನ್ನು ಎತ್ತಿ ಹಿಡಿದರು. ಪೇಸ್ಟು ದ್ರವ ಹೇಗಾಗುತ್ತದೆ ಅಂತ ವಾದಕ್ಕೆ ನಿಂತೆ. ದೇಶದೊಳಗೆ ಓಡಾಡುವಾಗ ಯಾರೂ ತಡೆದಿರಲಿಲ್ಲ. ಹಿಂಡಿದರೆ ಬರುವುದೆಲ್ಲ, ಬಳಿಯುವುದೆಲ್ಲ ಇಲ್ಲಿ ದ್ರವದ ಲೆಕ್ಕವೇ ಅಂತೆ. ಟೂತ್‌ಪೇಸ್ಟ್ ಬುಟ್ಟಿಗೆ ಬಿತ್ತು. ದೊಡ್ಡ ಶೇವಿಂಗ್ ಕ್ರೀಮೂ ಹಿಂದೆಯೇ ಹೋಯಿತು. ಅವ್ವ ಏನೂ ಅನ್ನಲಿಲ್ಲ. ಸುಮ್ನೆ ಹಲ್ಲುಪುಡಿ ಡಬ್ಬಿಯನ್ನು ಸಂಚಿಯೊಳಗೆ ಸರಿಯಾಗಿ ಇಟ್ಟುಕೊಂಡಳು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಲೇ ಇರಲಿಲ್ಲ. ದುಬೈಯಲ್ಲಿ ಬೆಲ್ಟಿನ ಮುಂದೆ ಒಂದು ಗಂಟೆ ನಿಂತೆವು. ದೊಡ್ಡ ಸೂಟ್‌ಕೇಸ್ ಬರಲೇ ಇಲ್ಲ. ಅದು ಹೈದರಾಬಾದಿನಲ್ಲೇ ಉಳಿದಿದೆ, ನಾಳೆ ಮನೆಗೆ ಮುಟ್ಟಿಸುತ್ತೇವೆ ಅಂದರು. ಬಟ್ಟೆ ಹೋದರೆ ಹೋಗಲಿ, ಅಳಿಯನ ಲುಂಗಿ ಇದೆ. ಆದರೆ ತಂಗಿಯ ಮನೆಯಲ್ಲಿ ರಾತ್ರಿ ಊಟ ಮಾಡಿ ಕೈತೊಳೆಯುವಾಗ ಎದೆ ಧಸಕ್ಕೆಂದಿತು. ಅವ್ವನ ಒಂದೊಂದು ಗುಳಿಗೆಯನ್ನೂ ಎಣಿಸಿ ಕೈಚೀಲದಲ್ಲಿ ಇರಿಸಿದವನು ನಾನೇ. ನನ್ನ ಬಿಪಿ ಗುಳಿಗೆ? ಸೂಟ್‌ಕೇಸಿನಲ್ಲಿ. ನನ್ನದು ಔಷಧ ಅಂತ ನನಗೇ ಅನ್ನಿಸಿರಲಿಲ್ಲ. ರೋಗಿ ಅವ್ವ, ನಾನು ಕರೆದುಕೊಂಡು ಹೋಗುವವನು.

"ನನ್ನದೊಂದು ನುಂಗು, ಇದೂ ಬಿಪಿದೇ ಅಲ್ಲೇನು?" ಅಂತ ಅವ್ವ ಸ್ಟ್ರಿಪ್ ಚಾಚಿದಳು. ಅದು ಬೇರೆ ಗುಳಿಗೆ. ಡಾಕ್ಟರಿಗೆ ಫೋನ್ ಹಚ್ಚಿದೆ. ಊರಲ್ಲಿ ಹನ್ನೊಂದೂವರೆ ದಾಟಿತ್ತು. ನಿದ್ದೆಗಣ್ಣಲ್ಲೇ ಬೈದರು. ಯಾರದೋ ಗುಳಿಗೆ ನುಂಗಬೇಡ, ಉಪ್ಪು ಕಡಿಮೆ ಮಾಡಿ ಮಲಗು, ತಲೆ ಸುತ್ತಿದರೆ ಎದೆ ನೋವು ಬಂದರೆ ಆಸ್ಪತ್ರೆಗೆ ಹೋಗು, ನಾಳೆ ಸಿಕ್ಕಮೇಲೆ ತಪ್ಪಿದ್ದನ್ನೂ ಸೇರಿಸಿ ಎರಡು ತಗೋಬೇಡ ಅಂದರು. ಫೋನ್ ಸ್ಪೀಕರಿನಲ್ಲಿತ್ತು, ಅವ್ವನೂ ಕೇಳಿಸಿಕೊಂಡಳು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬಿಪಿ ಏರಿದ್ದು ಗುಳಿಗೆ ಇಲ್ಲದ್ದಕ್ಕೋ, ಗುಳಿಗೆ ಇಲ್ಲ ಅನ್ನುವ ಚಿಂತೆಗೋ ಗೊತ್ತಿಲ್ಲ.

ಸೂಟ್‌ಕೇಸ್ ಬಂದದ್ದು ಮರುದಿನ ರಾತ್ರಿ. ಬಾಗಿಲಲ್ಲೇ ತೆರೆದೆವು. ತಂಗಿ ಮೊದಲು ಉಂಡಿಯ ಡಬ್ಬಿಗೆ ಕೈ ಹಾಕಿದಳು. ಮುಚ್ಚಳ ಸಡಿಲಾಗಿ ತುಪ್ಪ ಜಿನುಗಿತ್ತು. ಡಬ್ಬಿಯ ಕೆಳಗೆ ಒತ್ತಿಕೊಂಡಿದ್ದ ನನ್ನ ಸ್ಟ್ರಿಪ್ ಏಲಕ್ಕಿ ವಾಸನೆ ಹೊಡೆಯುತ್ತಿತ್ತು. ಅವ್ವ ಅದನ್ನು ಸೆರಗಿನಿಂದ ಒರೆಸಿ, ಒಂದೇ ಒಂದು ಗುಳಿಗೆ ಒಡೆದು ನನ್ನ ಅಂಗೈಗೆ ಹಾಕಿದಳು. ಉಳಿದದ್ದು ಅವಳ ಸಂಚಿಗೆ ಹೋಯಿತು.

"ನಾಳಿದ್ದು ನಾಳೆ ಕೊಡ್ತೀನಿ," ಅಂದಳು. "ಎರಡೆರಡು ನುಂಗಬ್ಯಾಡ ಅಂತ ಡಾಕ್ಟರ್ ಹೇಳ್ಯಾರ."