ತಲೆ ಯಾವುದು, ಕಾಲು ಯಾವುದು

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ವಿಭಾಗದಿಂದ ಫೋನ್ ಬಂದಾಗ ಮೊದಲು ನೆನಪಾದದ್ದು ತರಗತಿಯಲ್ಲ, ಪರೀಕ್ಷೆಯೂ ಅಲ್ಲ; ಭೂವಿಜ್ಞಾನದ ಮೇಷ್ಟ್ರ ಒಂದು ಬೈಗುಳ. ಕ್ಷೇತ್ರಕಾರ್ಯಕ್ಕೆ ಹೋಗಿದ್ದಾಗ ಬಂಡೆಯಿಂದ ಚೂರೊಂದನ್ನು ಒಡೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಹಿಂದಿನಿಂದ ಬಂದ ಮೇಷ್ಟ್ರು ಅದನ್ನು ಕಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಅಲ್ಲಯ್ಯಾ, ಒಡೆಯೋ ಮುಂಚೆ ಒಂದು ಬಾಣದ ಗುರುತು ಹಾಕಬಾರದಿತ್ತಾ? ಈಗ ಇದಕ್ಕೆ ತಲೆ ಯಾವುದು, ಕಾಲು ಯಾವುದು?” ಅಂದವರೇ ಚೂರನ್ನು ಪೊದೆಗೆ ಎಸೆದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರು ವರ್ಷದ ನಂತರ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಆಗ ನಾನಿದ್ದದ್ದು ಮೈನಸ್ 20 ಡಿಗ್ರಿಯ ಒಂದು ಕೋಣೆಯಲ್ಲಿ.

ಹಿಂದಿನ ಕಾಲದ ಹಠಾತ್ ಹವಾಮಾನ ಬದಲಾವಣೆಗಳ ಬಗ್ಗೆ ಎರಡು ವಾರದ ತರಬೇತಿ ಶಿಬಿರ ಅದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಾಲಯ. ಕಡಲತಳದ ಕೆಸರನ್ನು ಓದುವವರು, ಗುಹೆಗಳ ಸುಣ್ಣದ ಕಂಬಗಳನ್ನು ಓದುವವರು, ಕಂಪ್ಯೂಟರ್ ಬಿಟ್ಟು ಬೇರೇನನ್ನೂ ಮುಟ್ಟದವರು, ಎಲ್ಲರೂ ಇದ್ದರು. ನಾನು ಸೇರಿದ್ದು ಐಸ್ ಕೋರ್ ಗುಂಪಿಗೆ. ಐಸ್ ಕೋರ್ ಅಂದರೆ ಹಿಮದ ಹಾಸಿನೊಳಗೆ ಕೊಳವೆಯಂಥ ಡ್ರಿಲ್ ಇಳಿಸಿ, ತುಂಡು ತುಂಡಾಗಿ ಮೇಲೆತ್ತಿದ ಹಿಮದ ಕಂಬ. ಬಿದ್ದ ಹಿಮ ಕರಗದೆ, ವರ್ಷದ ಮೇಲೆ ವರ್ಷ ಕೂತು, ಒತ್ತಿ ಗಟ್ಟಿಯಾದದ್ದು. ಮೇಲಿನದು ಹೊಸದು, ಕೆಳಗಿನದು ಹಳೆಯದು. ಈ ವಿದ್ಯೆ ನಿಂತಿರುವುದೇ ಈ ಒಂದು ಮಾತಿನ ಮೇಲೆ.

ಮೊದಲ ದಿನ ಹೇಳಿದ ಕಥೆ ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಅವರದು. 1952ರ ಜೂನ್‌ನಲ್ಲಿ ಅವರು ಕೋಪನ್‌ಹೇಗನ್ನಿನ ತಮ್ಮ ಮನೆಯ ತೋಟದಲ್ಲಿ ಖಾಲಿ ಬಿಯರ್ ಬಾಟಲಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದರು. ನೀರಿನಲ್ಲಿ ಮಾಮೂಲಿ ಆಕ್ಸಿಜನ್ ಜೊತೆಗೆ ತುಸು ಭಾರದ ಆಕ್ಸಿಜನ್-18 ಕೂಡ ಇರುತ್ತದೆ. ಆವಿ ತಣ್ಣಗಾಗುತ್ತ ಹೋದಂತೆ ಭಾರದ್ದು ಮೊದಲು ಉದುರಿಬಿಡುತ್ತದೆ, ಹಾಗಾಗಿ ಹೆಚ್ಚು ಚಳಿಯಲ್ಲಿ ಬಿದ್ದ ಹಿಮದಲ್ಲಿ ಅದರ ಪಾಲು ಕಡಿಮೆ. ಬಾಟಲಿಯಿಂದ ಶುರುವಾದ ಈ ಲೆಕ್ಕ ಗ್ರೀನ್‌ಲ್ಯಾಂಡಿನ ಹಿಮಕ್ಕೆ ಥರ್ಮಾಮೀಟರ್ ಆಯಿತು. 1966ರಲ್ಲಿ ಕ್ಯಾಂಪ್ ಸೆಂಚುರಿ ಎಂಬಲ್ಲಿ ಅಮೆರಿಕದವರು ಸುಮಾರು 1,390 ಮೀಟರ್ ಕೊರೆದು ಹಾಸಿನ ತಳ ಮುಟ್ಟಿದಾಗ, ಆ ಕೋರನ್ನು ಓದಲು ಈ ಥರ್ಮಾಮೀಟರ್ ತಯಾರಾಗಿತ್ತು.

ಓದಿದಾಗ ಕಂಡದ್ದು ಯಾರೂ ನಿರೀಕ್ಷಿಸಿದ್ದಲ್ಲ. ಹಿಮಯುಗವೆಂದರೆ ಒಂದೇ ಸಮನೆ ಚಳಿ ಎಂದುಕೊಂಡಿದ್ದವರಿಗೆ, ಗ್ರೀನ್‌ಲ್ಯಾಂಡ್ ಕೆಲವೇ ದಶಕಗಳಲ್ಲಿ ಎಂಟರಿಂದ ಹದಿನಾರು ಡಿಗ್ರಿಯಷ್ಟು ಬಿಸಿಯೇರಿ, ಆಮೇಲೆ ನಿಧಾನವಾಗಿ ತಣಿದದ್ದು ಕಾಣಿಸಿತು. ಅದೂ ಒಮ್ಮೆಯಲ್ಲ, ಕಳೆದ ಹಿಮಯುಗದಲ್ಲೇ ಸುಮಾರು 25 ಸಲ. ಡಾನ್ಸ್‌ಗಾರ್ಡ್ ಜೊತೆಗೆ ಸ್ವಿಟ್ಜರ್‌ಲ್ಯಾಂಡಿನ ಹಾನ್ಸ್ ಓಷ್ಗರ್ ಹೆಸರೂ ಸೇರಿ ಇವನ್ನು ಡಾನ್ಸ್‌ಗಾರ್ಡ್–ಓಷ್ಗರ್ ಘಟನೆಗಳು ಎನ್ನುತ್ತಾರೆ. ನಮ್ಮ ಗುಂಪಿನ ಪಾಲಿಗೆ ಬಂದದ್ದು ಇವೆಲ್ಲ ಮುಗಿದ ನಂತರದ ಘಟ್ಟ: ಯಂಗರ್ ಡ್ರಯಾಸ್ ಎಂಬ, 12,900 ವರ್ಷಗಳ ಹಿಂದೆ ಮರಳಿ ಬಂದು 11,700 ವರ್ಷಗಳ ಹಿಂದೆ ತಟ್ಟನೆ ಮುಗಿದ ಚಳಿಗಾಲ. ಡ್ರಯಾಸ್ ಅಂದರೆ ಚಳಿನಾಡಿನ ಒಂದು ಪುಟ್ಟ ಬಿಳಿ ಹೂ. ಇಷ್ಟು ಒರಟು ಕಾಲಕ್ಕೆ ಅಷ್ಟು ನಾಜೂಕಿನ ಹೆಸರು.

ಇನ್ನು ಶೀತಕೋಣೆ. ಅಲ್ಲಿ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ಲೇ ಗತಿ. ಹಿಮದ ಮೇಲೆ ಉಸಿರು ಬಿಡಬಾರದು. ಹೊರಗೆ ಬಂದ ಕೂಡಲೇ ಕನ್ನಡಕ ಮಂಜುಗಟ್ಟಿ ಐದು ನಿಮಿಷ ಕುರುಡು. ಅಲ್ಲಿನ ಹಿರಿಯ ತಂತ್ರಜ್ಞೆ ಎಲ್ಲವನ್ನೂ ಒಂದೇ ಒಂದು ಸಲ ಹೇಳುತ್ತಿದ್ದರು, ಎರಡನೆಯ ಸಲ ಕೇಳಿದರೆ ಸುಮ್ಮನೆ ನೋಡುತ್ತಿದ್ದರು. ಗ್ರೀನ್‌ಲ್ಯಾಂಡ್ ಕೋರಿನವರು 55 ಸೆಂಟಿಮೀಟರ್ ಉದ್ದಕ್ಕೆ ‘ಬ್ಯಾಗ್’ ಎನ್ನುತ್ತಾರೆ. ಬೇರೆಯವರ ಕೆಲಸ ಮುಗಿದು ಉಳಿದಿದ್ದ ಅಂಥ ಐದು ತುಂಡುಗಳನ್ನು ನಮಗೆ ಕೊಟ್ಟಿದ್ದರು. ಪ್ರತಿಯೊಂದರ ಮೇಲೂ ಸಂಖ್ಯೆ, ಮೇಲ್ಮುಖದ ಬಾಣ. ಹಿಮದ ಮುಖವನ್ನು ಅಲಗಿನಿಂದ ನುಣ್ಣಗೆ ಹೆರೆದು, ಹೆಚ್ಚು ವೋಲ್ಟೇಜಿನ ಎರಡು ಲೋಹದ ಮೊನೆಗಳನ್ನು ಅದರ ಮೇಲೆ ಎಳೆಯುತ್ತ ಹೋಗಬೇಕು. ಆಮ್ಲ ಇದ್ದಲ್ಲಿ ವಿದ್ಯುತ್ ಹರಿಯುತ್ತದೆ, ಆ ಹರಿವಿನ ಏರಿಳಿತ ಒಂದು ರೇಖೆಯಾಗಿ ಮೂಡುತ್ತದೆ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿ ಉಗುಳಿದ ಆಮ್ಲ ಈಗಲೂ ಗ್ರೀನ್‌ಲ್ಯಾಂಡ್ ಕೋರುಗಳಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ. ಚಳಿಯ ಕಾಲದ ಹಿಮದಲ್ಲಿ ಏಷ್ಯಾದ ಮರುಭೂಮಿಗಳಿಂದ ಹಾರಿಬಂದ ಸುಣ್ಣದಂಶದ ಧೂಳು ಸೇರಿ ಆಮ್ಲವನ್ನು ಕೊಂದುಹಾಕಿರುತ್ತದೆ, ಹಾಗಾಗಿ ರೇಖೆ ನೆಲಕಚ್ಚುತ್ತದೆ. ಬೆಚ್ಚಗಿನ ಕಾಲ ಬಂದೊಡನೆ ರೇಖೆ ಮೇಲಕ್ಕೆ.

ನನ್ನ ರೇಖೆ ಹೀಗಿತ್ತು: ಚಳಿ, ಒಮ್ಮೆಗೇ ಬಿಸಿ, ಮತ್ತೆ ಚಳಿ, ಮತ್ತೆ ಬಿಸಿ. ನನಗೆ ಕುಣಿಯುವಷ್ಟು ಖುಷಿ. ಹವಾಮಾನ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಕೆಟ್ಟ ಟ್ಯೂಬ್‌ಲೈಟಿನಂತೆ ಹತ್ತಿ ಆರಿ ಮಿನುಗುತ್ತದೆ ಎಂದು 1993ರಲ್ಲಿ ಇದೇ ವಿಧಾನದಿಂದ ಅಳೆದವರು ಬರೆದಿದ್ದನ್ನು ಹಿಂದಿನ ರಾತ್ರಿಯಷ್ಟೇ ಓದಿದ್ದೆ. ಎಲ್ಲರ ಮುಂದೆ ರೇಖೆ ತೋರಿಸಿ ಹತ್ತು ನಿಮಿಷ ಮಾತಾಡಿದೆ. ಉತ್ತರ ಅಟ್ಲಾಂಟಿಕಿನ ಬಿಸಿನೀರಿನ ಪ್ರವಾಹ ಹೇಗೆ ತಡವರಿಸಿರಬಹುದು ಎಂಬ ವಿವರಣೆಯೂ ಸೇರಿತ್ತು, ಯಾರೂ ಕೇಳದಿದ್ದರೂ.

ತಂತ್ರಜ್ಞೆ ಮಾತಾಡಲಿಲ್ಲ. ನನ್ನನ್ನು ಮತ್ತೆ ಶೀತಕೋಣೆಗೆ ಕರೆದೊಯ್ದು ಐದೂ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದರು. ಮೂರನೆಯದರ ಒಂದು ತುದಿ ಗರಗಸದಿಂದ ನೇರ ಕತ್ತರಿಸಿದ್ದು, ಇನ್ನೊಂದು ಕೊರೆಯುವಾಗಲೇ ಮುರಿದು ಓರೆಕೋರೆಯಾದದ್ದು. ಆ ಒರಟು ತುದಿಯನ್ನು ನಾಲ್ಕನೆಯದರ ಬದಿಗೆ ಹಿಡಿದರು, ಕೂಡಲಿಲ್ಲ. ತುಂಡನ್ನು ಹಿಂದುಮುಂದು ಮಾಡಿ ಎರಡನೆಯದರ ಒರಟು ತುದಿಗೆ ಒತ್ತಿದರು. ಏಣು ತಗ್ಗಿನೊಳಗೆ ಕೂತು, ಬಿರುಕು ಕೂದಲೆಳೆಯಷ್ಟಾಯಿತು. ಮುಖ ಹೆರೆಯುವಾಗ ನಾನು ಬಾಣದ ಗುರುತನ್ನೂ ಹೆರೆದುಬಿಟ್ಟಿದ್ದೆ, ಆಮೇಲೆ ತುಂಡನ್ನು ತಲೆಕೆಳಗಾಗಿ ಇಟ್ಟಿದ್ದೆ. ಚಳಿ ಮುಗಿದು ಬಿಸಿ ಶುರುವಾಗುವ ಗಡಿ ಇದ್ದದ್ದು ಅದೇ ತುಂಡಿನಲ್ಲಿ. ಆ ಗಡಿಯಲ್ಲಿ ಒಂದರಿಂದ ಮೂರು ವರ್ಷದೊಳಗೆ ಹವೆಯ ಚಲನೆಯೇ ಬದಲಾಗಿತ್ತು ಎಂದು ಗ್ರೀನ್‌ಲ್ಯಾಂಡಿನ ನಾರ್ತ್‌ಗ್ರಿಪ್ ಎಂಬ ಕೋರಿನಿಂದ 2008ರಲ್ಲಿ ತೋರಿಸಿದ್ದಾರೆ. ಅಷ್ಟು ಕಿರಿದಾದದ್ದಕ್ಕೇ ಅದು ಇಡಿಯಾಗಿ ನನ್ನ ಒಂದು ಬ್ಯಾಗಿನೊಳಗೆ ಮಗುಚಿಕೊಂಡಿತ್ತು. ಬದಲಾವಣೆ ನಿಧಾನದ್ದಾಗಿದ್ದರೆ ನನ್ನ ತಪ್ಪು ಅಷ್ಟು ಚೆಂದ ಕಾಣುತ್ತಿರಲಿಲ್ಲ.

ಅವತ್ತು ಊಟಕ್ಕೆ ಹೋಗದೆ ಕೂತಿದ್ದಾಗ ಪಾಠ ಮಾಡುತ್ತಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತು ಒಂದು ಹಳೆಯ ಕಥೆ ಹೇಳಿದರು. ಗ್ರೀನ್‌ಲ್ಯಾಂಡಿನ ನಡುನೆತ್ತಿಯಲ್ಲಿ ಯುರೋಪಿನವರು 1992ರಲ್ಲಿ 3,029 ಮೀಟರ್ ಕೊರೆದರು, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಅಮೆರಿಕದವರು 1993ರಲ್ಲಿ 3,053 ಮೀಟರ್. ಕಳೆದ ಹಿಮಯುಗಕ್ಕೂ ಹಿಂದಿನ ಬೆಚ್ಚಗಿನ ಯುಗದಲ್ಲೂ ಹವಾಮಾನ ಹುಚ್ಚುಹುಚ್ಚಾಗಿ ಏರಿಳಿದಿತ್ತು ಎಂದು ಯುರೋಪಿನವರು ಪ್ರಕಟಿಸಿದರು. ಎರಡೂ ಕೋರು ಲಕ್ಷ ವರ್ಷದವರೆಗೆ ಅವಳಿಜವಳಿ, ಅದರ ಕೆಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ತಳದ ಹತ್ತಿರ ಹಿಮ ಹರಿಯುವಾಗ ಸೀರೆಯ ನಿರಿಗೆಯಂತೆ ಮಡಚಿಕೊಂಡಿತ್ತು. “ನೀನು ಒಂದು ತುಂಡು ಮಗುಚಿದೆ. ಹಿಮವೇ ತನ್ನನ್ನು ತಾನು ಮಗುಚಿಕೊಂಡು ನಮ್ಮೆಲ್ಲರಿಗೂ ಟೋಪಿ ಹಾಕಿತ್ತು,” ಅಂದರು. ಮುಂದೆ 2010ರಲ್ಲಿ ತಳ ಮುಟ್ಟಿದ, ಗ್ರೀನ್‌ಲ್ಯಾಂಡಿನದೇ ಆದ ನೀಮ್ ಎಂಬ ಕೋರಿನಲ್ಲೂ ಕೆಳಭಾಗ ಮಡಚಿಯೇ ಇತ್ತು. ಈ ಸಲ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಅಳೆದು, ಮಗುಚಿದ ಪದರಗಳನ್ನು ಗುರುತಿಸಿ ಸರಿಯಾದ ಕ್ರಮಕ್ಕೆ ಜೋಡಿಸಿದರು.

ಆಮೇಲೆ ಸಮ್ಮೇಳನಗಳಿಗೂ ಹೋದೆ. 2016ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಐಸ್ ಕೋರಿನವರೆಲ್ಲ ಸೇರಿದ್ದಾಗ ಅಂಟಾರ್ಕ್ಟಿಕಾದಲ್ಲಿ ಹತ್ತು ಲಕ್ಷ ವರ್ಷಕ್ಕಿಂತ ಹಳೆಯ ಹಿಮ ಎಲ್ಲಿದ್ದೀತು ಎಂಬುದೇ ದೊಡ್ಡ ಮಾತು. 2025ರ ಜನವರಿಯಲ್ಲಿ ಯುರೋಪಿನ ತಂಡ ಅಂಟಾರ್ಕ್ಟಿಕಾದಲ್ಲಿ 2,800 ಮೀಟರ್ ಇಳಿದು, ಕನಿಷ್ಠ 12 ಲಕ್ಷ ವರ್ಷದ ಹಿಮ ಎತ್ತಿತು. ಸುದ್ದಿ ಓದಿದ ಕೂಡಲೇ ನನಗೆ ಬಂದ ಯೋಚನೆ ಒಂದೇ: ತಳದ ತುಂಡುಗಳು ಮಡಚಿಕೊಂಡಿಲ್ಲ ತಾನೇ?

ಶಿಬಿರದಿಂದ ಬಂದ ವಾರ ಇದನ್ನೆಲ್ಲ ಮೇಷ್ಟ್ರಿಗೆ ಪತ್ರ ಬರೆದಿದ್ದೆ, ಮುರಿದ ತುದಿಗಳು ಕೂಡಿಕೊಂಡ ಚಿತ್ರವನ್ನೂ ಗೀಚಿ. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಕಾರ್ಡಿನಲ್ಲಿ ಉತ್ತರ ಬಂತು, ಮೂರೇ ಸಾಲು. “ಕಾಗದ ತಲುಪಿತು. ಅವತ್ತು ನಿನ್ನ ಕಲ್ಲನ್ನ ಎಸೆದದ್ದು ನನ್ನ ತಪ್ಪು ಕಣಯ್ಯಾ. ಒಡೆದ ಜಾಗಕ್ಕೆ ಹಿಡಿದು ನೋಡಬಹುದಿತ್ತು.”