ಬ್ಯಾಂಕಾಕಿನ ರೈಗಳು

ಬ್ಯಾಂಕಾಕಿನಿಂದ ಊರಿಗೆ ಫೋನು ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಅಲ್ಲಿ ಬೋರ್ಡೆಲ್ಲ ಅವರ ಭಾಷೆಯಲ್ಲೇ ಅಂತಲ್ಲ, ನಿನಗೆ ಕಷ್ಟ ಆಗುವುದಿಲ್ವಾ?" ನನಗೆ ನಗು ಬರುತ್ತದೆ. ನಾನು ಬದಿಯಡ್ಕದ ಕಡೆಯವನು. ಓದಿದ್ದು ಕನ್ನಡ ಶಾಲೆಯಲ್ಲಿ. ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ಮಲಯಾಳದ ಬೋರ್ಡು ಓದಲು ಬಾರದೆ, ಬಸ್ಸಿನ ಬಣ್ಣ ನೋಡಿ, ಕಿಳಿ ಕೂಗುವುದನ್ನು ಕೇಳಿ ಹತ್ತುತ್ತಿದ್ದವನು. (ಕಿಳಿ ಎಂದರೆ ಬಾಗಿಲಲ್ಲಿ ನೇತಾಡುವ ಕ್ಲೀನರ್. ಘಟ್ಟದ ಮೇಲಿನವರಿಗಾಗಿ ಹೇಳಿದೆ.) 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿದ ಮೇಲೆ ಅರ್ಥವಾಗದ ಬೋರ್ಡಿನ ಕೆಳಗೆ ನಿಂತು ಕೆಲಸ ಸಾಧಿಸುವುದು ನಮಗೆ ಮನೆವಿದ್ಯೆ. ಬೆಂಗಳೂರಿನಿಂದ ಬಂದ ನನ್ನ ಸಹೋದ್ಯೋಗಿ ಇಲ್ಲಿ ಮೊದಲ ವಾರ ಕಂಗಾಲಾಗಿದ್ದ. ನಾನು ಎರಡನೇ ದಿನವೇ ಬಸ್ಸಿನ ಬಣ್ಣ ನೋಡಲು ಶುರು ಮಾಡಿದ್ದೆ.

ಬೋರ್ಡಿನ ಫೋಟೋ ಕಳಿಸಿದರೆ ಅಮ್ಮ, "ಇದು ಮಲಯಾಳವೇ ಅಲ್ವಾ ಮಗಾ?" ಎಂದರು. ಪೂರ್ತಿ ತಪ್ಪೇನೂ ಅಲ್ಲ. ಎರಡೂ ಲಿಪಿಗಳ ಬೇರು ಹಿಡಿದು ಹೋದರೆ ಪಲ್ಲವರ ಕಾಲದ ಲಿಪಿಗೇ ಮುಟ್ಟುತ್ತದೆ.

ಮಾತು ಕಿವಿಗೆ ಬಿದ್ದಾಗ ಮಾತ್ರ ಮಜಾ. ಆಫೀಸಿನಲ್ಲಿ ಮೇಜಿನ ಮೇಲಿನ ಫೋನು ತೋರಿಸಿ ಒಬ್ಬಳು "ಥೋರಸಪ್" ಎಂದಳು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ದೂರಶಬ್ದ! ಟಿವಿ ಎಂದರೆ ಥೋರಥತ್, ನಮ್ಮ ದೂರದರ್ಶನವೇ. ಒಂದು ಗುಟ್ಟು ಗೊತ್ತಾದರೆ ಅರ್ಧ ಊರು ಅರ್ಥವಾಗುತ್ತದೆ. ಪದದ ಕೊನೆಗೆ ಬರುವ ರ ಇವರ ಬಾಯಲ್ಲಿ ನ ಆಗುತ್ತದೆ. ಆಹಾರ ಆಹಾನ್, ನಗರ ನಖೋನ್. ಬ್ಯಾಂಕಿಗೆ ಥನಾಖಾನ್ ಅನ್ನುತ್ತಾರೆ, ಅಂದರೆ ಧನಾಗಾರ. ನಾನು ಕುಂಬಳೆ ಪೇಟೆಯಲ್ಲಿ ನಿಂತು "ಧನಾಗಾರಕ್ಕೆ ಹೋಗಿ ಬರ್ತೇನೆ" ಎಂದರೆ ಯಕ್ಷಗಾನದ ವೇಷ ಕಳಚದೆ ಬಂದಿದ್ದಾನೆ ಅಂದುಕೊಂಡಾರು. ಇಲ್ಲಿ ತರಕಾರಿ ಮಾರುವ ಹೆಂಗಸೂ ಸುಮ್ನೆ ಹಾಗೇ ಅನ್ನುತ್ತಾಳೆ.

ಬ್ಯಾಂಕಾಕ್ ಅನ್ನುವುದು ನಮ್ಮ ಬಾಯಲ್ಲಿ ಮಾತ್ರ. ಇವರಿಗೆ ಇದು ಕ್ರುಂಗ್ ಥೇಪ್, ದೇವತೆಗಳ ಪಟ್ಟಣ. ಪೂರ್ತಿ ಹೆಸರು ಬೇರೆ ಇದೆ, ಥಾಯ್ ಲಿಪಿಯಲ್ಲಿ 168 ಅಕ್ಷರ. ಅಮರ, ರತ್ನ, ವಿಮಾನ, ಅವತಾರ ಎಲ್ಲ ಬಂದು, ಕೊನೆಗೆ ಇಂದ್ರನ ಮಾತಿನಂತೆ ವಿಶ್ವಕರ್ಮ ಕಟ್ಟಿದ್ದು ಎಂದು ಮುಗಿಯುತ್ತದೆ. ಭಟ್ರು ಉಸಿರು ಬಿಡದೆ ಸಂಕಲ್ಪ ಹೇಳಿದ ಹಾಗೆ.

ಇನ್ನು ರೈಗಳ ವಿಷಯ. ಇಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು "ಮೈ ಪೆನ್ ರೈ". ಪರವಾಗಿಲ್ಲ, ಬಿಡಿ, ಏನೂ ತೊಂದರೆ ಇಲ್ಲ, ಎಲ್ಲದಕ್ಕೂ ಅದೇ. ಕಾಲು ತುಳಿದರೆ ಮೈ ಪೆನ್ ರೈ. ಗಂಟೆಗಟ್ಟಲೆ ಲೇಟಾದರೂ ಮೈ ಪೆನ್ ರೈ, ಆದರೆ ಅದನ್ನು ಹೇಳುವವನು ಲೇಟಾಗಿ ಬಂದವನೇ! ಒಂದು ಸಲ ದೊಡ್ಡಪ್ಪನ ಜೊತೆ ಫೋನಿನಲ್ಲಿ ಇದ್ದಾಗ ಪಕ್ಕದಲ್ಲಿ ಯಾರೋ ಇದನ್ನು ಎರಡು ಮೂರು ಸಲ ಹೇಳಿದರು. ರೈ ಎಂದರೆ ನಮ್ಮ ಕಡೆ ಬಂಟರಲ್ಲಿ ಇರುವ ಅಡ್ಡಹೆಸರು. ದೊಡ್ಡಪ್ಪನಿಗೆ ಖುಷಿಯೋ ಖುಷಿ. "ರೈಗಳು ಉಂಟಾ ಅಲ್ಲಿ? ಯಾವ ಊರಿನವರಂತೆ? ಪುತ್ತೂರಿನವರಾ, ನಮ್ಮ ಮಂಜೇಶ್ವರದವರಾ?" ವಿವರಿಸಲು ಹೋದೆ, ಅವರು ಕೇಳಿಸಿಕೊಳ್ಳಲಿಲ್ಲ. ಈಗ ಮನೆಯಲ್ಲಿ ಆ ರೈಗಳು ಖಾಯಂ ಆಗಿಬಿಟ್ಟಿದ್ದಾರೆ. ಮಾತು ಮುಗಿಸುವಾಗ "ರೈಗಳನ್ನು ಕೇಳಿದೆ ಅಂತ ಹೇಳು" ಅನ್ನುತ್ತಾರೆ.

ಇನ್ನೊಂದು ಪದ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಇಲ್ಲಿ ನಮ್ಮ ಹಾಗೆಯೇ ಗುರುತಿಲ್ಲದವರನ್ನೂ ಅಣ್ಣ, ಅಕ್ಕ, ಮಾವ ಅಂತ ಕರೆಯುವ ರೂಢಿ. ಚಿಕ್ಕವರಿಗೆ ನೋಂಗ್, ಮಾವನ ವಯಸ್ಸಿನವರಿಗೆ ಲುಂಗ್, ಅತ್ತೆಯ ವಯಸ್ಸಿನವರಿಗೆ ಪಾ. ಅಣ್ಣ ಅಕ್ಕಂದಿರಿಗೆ ಮಾತ್ರ ಪೀ. ತುಳು ಬಲ್ಲವರಿಗೆ ನಾನು ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗೆ ಮೆಲ್ಲಗೆ ಹೇಳುತ್ತೇನೆ, ಮಲ. ನಮ್ಮ ಬಾಸು ನನಗಿಂತ ದೊಡ್ಡವರು, ಹಾಗಾಗಿ ದಿನಾ ಬೆಳಿಗ್ಗೆ ಕೈಮುಗಿದು, ಮುಖ ಗಂಭೀರವಾಗಿಟ್ಟು, ಅವರನ್ನು ಆ ಪದದಿಂದಲೇ ಕರೆಯಬೇಕು. ಸಾಲದ್ದಕ್ಕೆ ರಾಗ ಸ್ವಲ್ಪ ಮೇಲೆ ಹೋದರೆ ಅದೇ ಪದಕ್ಕೆ ದೆವ್ವ ಎಂದು ಅರ್ಥ. ಮೊದಲ ತಿಂಗಳು ನಾನು ಬಾಸನ್ನು ಏನೆಂದು ಕರೆದೆನೋ, ಅವರು ಮಾತ್ರ ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. ಮೈ ಪೆನ್ ರೈ.

ಆಫೀಸಿಗೆ ಹೋಗುವುದು ಸೇನ್ ಸೇಪ್ ಕಾಲುವೆಯ ದೋಣಿಯಲ್ಲಿ. ನೀರು ಕಪ್ಪು, ವಾಸನೆ ಜಾಸ್ತಿ, ವೇಗ ಅದಕ್ಕಿಂತ ಜಾಸ್ತಿ. ಎದುರಿನಿಂದ ಇನ್ನೊಂದು ದೋಣಿ ಬಂದರೆ ನೀರು ಮೈಮೇಲೆ ಎರಚುತ್ತದೆ. ಅದಕ್ಕೇ ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಹಗ್ಗ ಇಳಿಬಿಟ್ಟಿದ್ದಾರೆ. ಅಂಚಿನಲ್ಲಿ ಕೂತವರು ಎಳೆದು ಹಿಡಿಯಬೇಕು, ಅದು ಬರೆಯದ ಕಾನೂನು. ಮಳೆಗಾಲದಲ್ಲಿ ನಮ್ಮ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಟಾರ್ಪಾಲು ಇಳಿಸುತ್ತಾರಲ್ಲ, ಹಾಗೆ. ನನಗೆ ಅಭ್ಯಾಸ ಇತ್ತು, ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮೇಲಕ್ಕೆ ಎಳೆಯಬೇಕು. ಮೊದಲ ದಿನ ಕೆಳಕ್ಕೆ ಎಳೆದೆ. ಪಕ್ಕದ ಹೆಂಗಸಿನ ಬಿಳಿ ಅಂಗಿ ಮತ್ತೆ ಬಿಳಿಯಾಗಿ ಉಳಿಯಲಿಲ್ಲ.

ಇಲ್ಲಿಯ ಕಿಳಿಗೆ ಹೆಲ್ಮೆಟ್ಟು ಉಂಟು. ದೋಣಿಯ ಹೊರಗಿನ ಅಂಚಿನ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಟಿಕೆಟು ಕೊಡುತ್ತ ಓಡಾಡುತ್ತಾರೆ. ತಗ್ಗಿನ ಸೇತುವೆ ಬಂದರೆ ದೋಣಿಯ ಮಾಡೇ ಕೆಳಗಿಳಿಯುತ್ತದೆ, ಅವರೂ ಬಗ್ಗುತ್ತಾರೆ. ನಮ್ಮ ಕಿಳಿಗಳು ಒಮ್ಮೆ ಇದನ್ನು ನೋಡಬೇಕು.

ಊಟದ ಕಥೆ ಸ್ವಲ್ಪ ಕಷ್ಟದ್ದು. ನಮ್ಮ ಮನೆಯಲ್ಲಿ ಮೀನು ಮೊಟ್ಟೆ ಇಲ್ಲ. ಸಸ್ಯಾಹಾರಕ್ಕೆ ಇಲ್ಲಿ "ಮಂಗ್ಸವಿರತ್" ಎಂಬ ಪದ ಇದೆ ಎಂದು ತಿಳಿದಾಗ ಕುಣಿದೆ. ಮಾಂಸವಿರತಿ! ಬೀದಿ ಬದಿಯ ಗಾಡಿಗೆ ಹೋಗಿ ಠೀವಿಯಿಂದ ಹೇಳಿದೆ. ಪಾ ತಲೆಯಾಡಿಸಿ ಬಾಣಲೆಗೆ ಸೊಪ್ಪು ಹಾಕಿದರು, ತೋಫು ಹಾಕಿದರು, ಆಮೇಲೆ ಪಕ್ಕದ ಬಾಟಲಿಯಿಂದ ಕಂದು ಬಣ್ಣದ ನೀರು ಸುರಿದರು. ಮೂಗಿಗೆ ಬಂದ ವಾಸನೆ ಕಾಸರಗೋಡಿನ ಮೀನು ಮಾರ್ಕೆಟಿನದು. ಅದು ನಾಮ್ ಪ್ಲಾ, ಮೀನಿನ ಸಾಸು. ನಾನು ಗಾಬರಿಯಿಂದ ಕೈ ತೋರಿಸಿದೆ. ಪಾ ಹೆಬ್ಬೆರಳು ತೋರುಬೆರಳು ಹತ್ತಿರ ತಂದು "ನಿತ್ ನೋಯ್" ಎಂದರು. ಸ್ವಲ್ಪ ಮಾತ್ರ ಅಂತೆ! ಈಗ ಕೆಂಪು ಅಕ್ಷರದ ಹಳದಿ ಬಾವುಟ ಕಟ್ಟಿದ ಅಂಗಡಿಯನ್ನೇ ಹುಡುಕುತ್ತೇನೆ. ಅಲ್ಲಿ ಸಿಗುವುದು "ಜೇ". ಮೀನೂ ಇಲ್ಲ, ಬೆಳ್ಳುಳ್ಳಿ ನೀರುಳ್ಳಿಯೂ ಇಲ್ಲ. ತಿಥಿ ಊಟವನ್ನು ದಿನಾ ಉಂಡ ಹಾಗೆ ಆಗುತ್ತದೆ, ಇರಲಿ.

ಕಳೆದ ಬಿಸುವಿಗೆ, ಅಂದರೆ ನಮ್ಮ ಕಡೆಯ ಯುಗಾದಿಗೆ, ಅಪ್ಪ ಅಮ್ಮ ಬಂದಿದ್ದರು. ಬಾಡಿಗೆ ಕರಾರಿನಲ್ಲಿ ವರ್ಷ 2567 ಎಂದು ಬರೆದದ್ದನ್ನು ನೋಡಿ ಅಪ್ಪನಿಗೆ ಸಂಶಯ. ಬುದ್ಧನ ಲೆಕ್ಕ, ನಮ್ಮದಕ್ಕೆ 543 ಕೂಡಿಸಬೇಕು ಎಂದೆ. "ಹಾಗಾದರೆ ಬಾಡಿಗೆಗೂ ಕೂಡಿಸಿದ್ದಾರಾ ನೋಡು" ಎಂದರು.

ಅಪ್ಪನಿಗೆ ಅರಮನೆ, ಬುದ್ಧ ಯಾವುದೂ ಹಿಡಿಸಲಿಲ್ಲ. ಒಂದು ಹೊಟೇಲಿನ ಎದುರು ಚೆಂದಕ್ಕೆ ನೆಟ್ಟ ಅಡಿಕೆ ಮರ ಕಂಡದ್ದೇ ಅಲ್ಲೇ ನಿಂತರು. ಕತ್ತೆತ್ತಿ ಗೊನೆ ನೋಡಿದರು, ಕಾಂಡ ಮುಟ್ಟಿ ನೋಡಿದರು. "ಮದ್ದು ಬಿಡಲೇ ಇಲ್ಲ ಕಾಣ್ತದೆ. ಒಂದು ಬೋರ್ಡೋ ಮದ್ದು ಹೊಡೆಯದಿದ್ದರೆ ಮಳೆಗಾಲದಲ್ಲಿ ಕೊಳೆರೋಗ ಗ್ಯಾರಂಟಿ." ವಾಚ್‌ಮ್ಯಾನ್‌ಗೆ ಇದನ್ನು ಹೇಳು ಎಂದು ನನಗೆ ದುಂಬಾಲು ಬಿದ್ದರು. ಆಮೇಲೆ ಕೆಳಗೆ ಬಿದ್ದ ಒಂದು ಹಣ್ಣಡಿಕೆ ಹೆಕ್ಕಿ ಜೇಬಿಗೆ ಹಾಕಿದರು. ಮೊದಲು ಇಲ್ಲಿಯವರೂ ನಮ್ಮ ಹಾಗೇ ಎಲೆಯಡಿಕೆ ತಿನ್ನುತ್ತಿದ್ದರು, 1940ರ ದಶಕದಲ್ಲಿ ಫಿಬುನ್ ಎಂಬ ಪ್ರಧಾನಿ ದೇಶವನ್ನು ಆಧುನಿಕ ಮಾಡುತ್ತೇನೆಂದು ಅದನ್ನು ನಿಷೇಧಿಸಿದ ಎಂದೆ. ಅಪ್ಪ ಆ ದಿನ ಮತ್ತೆ ಜಾಸ್ತಿ ಮಾತಾಡಲಿಲ್ಲ.

ಬಿಸುವಿನ ಬೆಳಿಗ್ಗೆ ಅಮ್ಮ ಕಣಿ ಇಟ್ಟರು, ಎದ್ದೊಡನೆ ಮೊದಲು ನೋಡುವ ಶುಭ ವಸ್ತುಗಳು. ಕನ್ನಡಿ, ಬಂಗಾರ, ಹೊಸ ಬಟ್ಟೆ ಎಲ್ಲ ಆಯಿತು, ಸೌತೆಕಾಯಿಗೆ ಮಾತ್ರ ಕಷ್ಟ. ಹಳದಿ ಕರ್ಬೂಜ ಇಟ್ಟು ಸುಧಾರಿಸಿದೆವು. ಅದೇ ಹೊತ್ತಿಗೆ ಇಲ್ಲಿ ಸೋಂಗ್‌ಕ್ರಾನ್, ಏಪ್ರಿಲ್ 13ರಿಂದ 15ರವರೆಗೆ. ಬೇರೇನಲ್ಲ, ನಮ್ಮ ಸಂಕ್ರಾಂತಿ, ಸೂರ್ಯ ಮೇಷಕ್ಕೆ ಬರುವುದು. ಮನೆಯ ಹಿರಿಯರ ಕೈಗೆ ಪರಿಮಳದ ನೀರು ಹೊಯ್ದು ಆಶೀರ್ವಾದ ಕೇಳುತ್ತಾರೆ. ಬೀದಿಯಲ್ಲಿ ಮಾತ್ರ ಹಿರಿಯ ಕಿರಿಯ ಏನಿಲ್ಲ, ಪಿಕಪ್ ಗಾಡಿಗಳಲ್ಲಿ ಡ್ರಮ್ಮುಗಟ್ಟಲೆ ನೀರು ಇಟ್ಟುಕೊಂಡು ಎರಚುವುದೇ. ಹೊಸ ಪಂಚೆ ಉಟ್ಟು ಕೆಳಗಿಳಿದ ಅಪ್ಪ ಗೇಟು ದಾಟುವ ಮೊದಲೇ ತೊಪ್ಪೆಯಾದರು.

ಅಮ್ಮನ ಕಣ್ಣು ಬಿದ್ದದ್ದು ಗೇಟಿನ ಪಕ್ಕದ ಕಂಬದ ಮೇಲಿನ ಪುಟ್ಟ ಗುಡಿಯ ಮೇಲೆ. ಇಂಥದ್ದು ಇಲ್ಲಿ ಕಟ್ಟಡಕ್ಕೊಂದು ಇರುತ್ತದೆ. ಸಾನ್ ಫ್ರ ಫೂಮ್ ಅನ್ನುತ್ತಾರೆ. ಫೂಮ್ ಎಂದರೆ ಭೂಮಿ. "ಜಾಗದ ದೈವ ಅಂತ ಹೇಳು" ಎಂದರು ಅಮ್ಮ. ಮುಂದೆ ಕೆಂಪು ಫ್ಯಾಂಟಾ ಬಾಟಲಿ, ಅದಕ್ಕೊಂದು ಸ್ಟ್ರಾ. ಅಮ್ಮ ಒಂದು ಕ್ಷಣ ನೋಡಿ, "ಕುರ್ದಿ ನೀರಿನ ಬದಲಿಗೆ ಇರಬೇಕು" ಎಂದರು. ಅರಶಿನ ಸುಣ್ಣ ಕಲಸಿದ ನಮ್ಮ ಕೆಂಪು ನೀರು. ನನಗೆ ಇಲ್ಲಿ ಒಂದು ವರ್ಷ ಆದರೂ ಹೊಳೆದಿರಲಿಲ್ಲ.

ಮೇಲೆ ಹೋಗಿ, ಊರಿಂದ ತಂದ ಚಕ್ಕುಲಿ ನಾಲ್ಕು ತಂದು, ನಮ್ಮ ಕಡೆಯ ದೈವ ಕೊರಗಜ್ಜನಿಗೆ ಇಡುವ ಹಾಗೆ ಬಾಳೆಲೆ ತುಂಡಿನಲ್ಲಿ ಇಟ್ಟು ಕೈಮುಗಿದರು. ಸಂಜೆ ನೋಡಿದರೆ ಎಲೆ ಖಾಲಿ. ಗೇಟಿನ ಲುಂಗ್ ಬಾಯಲ್ಲಿ ಕಟುಂ ಎಂಬ ಸದ್ದು. ಇಲ್ಲಿ ದೈವಕ್ಕೆ ಇಟ್ಟದ್ದನ್ನು ಆಮೇಲೆ ತಿನ್ನಬಹುದು, ತಪ್ಪಿಲ್ಲ. ಅಮ್ಮನನ್ನು ಕಂಡು ಲುಂಗ್ ಎರಡೂ ಕೈ ಜೋಡಿಸಿ "ಅರೋಯ್" ಎಂದರು, ರುಚಿಯಾಗಿದೆ ಎಂದು. ಇನ್ನೂ ಉಂಟಾ ಎಂದು ಕಣ್ಣಲ್ಲೇ ಕೇಳಿದರು. ನನಗೆಂದು ತಂದಿದ್ದ ಚಕ್ಕುಲಿ ಡಬ್ಬ ಪೂರ್ತಿ ಅಮ್ಮ ಅವರ ಕೈಗೆ ಕೊಟ್ಟುಬಿಟ್ಟರು.

"ಪಾಪ, ಯಾರು ಅವರು?" ಎಂದು ಅಪ್ಪ ಕೇಳಿದರು.

"ರೈಗಳು" ಎಂದರು ಅಮ್ಮ.