ಸಂಘದ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು

ನಮ್ಮ ಊರಿನ ಸ್ತ್ರೀಶಕ್ತಿ ಸಂಘದ ಪುಸ್ತಕಗಳನ್ನು ಬರೆಯುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಲೆಡ್ಜರ್, ಸದಸ್ಯರ ಕೈಯಲ್ಲಿರುವ ಪಾಸ್ ಪುಸ್ತಕ, ಇಷ್ಟನ್ನು ವಾರವಾರ ತಪ್ಪದೆ ಬರೆದರೆ ಸಂಘ ತಾನಾಗಿಯೇ ನಡೆಯುತ್ತದೆ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಆದರೆ ಪುಸ್ತಕಗಳೆಲ್ಲ ಅಚ್ಚುಕಟ್ಟಾಗಿದ್ದೂ, ಲೆಕ್ಕಪರಿಶೋಧನೆಗೆ ಬಂದವರಿಂದ ಶಹಬ್ಬಾಸ್ ಎನಿಸಿಕೊಂಡೂ, ಸಭೆಗೆ ನಾಲ್ಕೈದು ಜನರಷ್ಟೇ ಬಂದು ಕೊನೆಗೆ ಬಾಗಿಲು ಹಾಕಿದ ಸಂಘಗಳನ್ನು ನಮ್ಮ ಹೋಬಳಿಯಲ್ಲೇ ಕಂಡಿದ್ದೇನೆ. ಬರೆದಿಟ್ಟದ್ದು ಸದಸ್ಯರ ಕಿವಿಗೆ ಬಿದ್ದಿದೆಯೇ, ಬಿದ್ದ ಮೇಲೆ ಅವರು ಅದರ ಬಗ್ಗೆ ಬಾಯಿ ಬಿಟ್ಟು ಏನಾದರೂ ಕೇಳಿದ್ದಾರೆಯೇ ಎಂಬುದನ್ನು ಯಾವ ಪರಿಶೋಧಕರೂ ನೋಡುವುದಿಲ್ಲ. ನನ್ನ ಲೆಕ್ಕದಲ್ಲಿ ಸಂಘದ ಆಯುಷ್ಯ ಇರುವುದು ಅಲ್ಲಿ.

ಇದು ನನಗೊಬ್ಬಳಿಗೆ ಹೊಳೆದ ವಿಚಾರವೇನೂ ಅಲ್ಲ. ನಮ್ಮ ಸಂಘದಂತೆ ಉಳಿತಾಯ ಕೂಡಿಸಿ ತಮ್ಮೊಳಗೇ ಸಾಲ ಕೊಡುವ ಸ್ವಸಹಾಯ ಗುಂಪುಗಳು ಹುಟ್ಟಿದ ರೀತಿಯಲ್ಲೇ ಅದು ಅಡಗಿದೆ. 1980ರ ದಶಕದ ನಡುವೆ ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಸದಸ್ಯರಿಗೆ ಮುಖಂಡರ ಮೇಲಿನ ನಂಬಿಕೆ ಹೋಗಿ, ಅವು ಒಂದೊಂದಾಗಿ ಒಡೆದವು. ಆಗ ಅಲ್ಲಲ್ಲಿ ಸಣ್ಣ ಸಣ್ಣ ಗುಂಪುಗಳು ಮುಂದೆ ಬಂದು, ದೊಡ್ಡ ಸಂಘಕ್ಕೆ ಕೊಡಬೇಕಾದ ಸಾಲವನ್ನು ಅದಕ್ಕೆ ಕಟ್ಟುವುದಿಲ್ಲ, ನೇರವಾಗಿ ನಿಮಗೇ ಕಟ್ಟುತ್ತೇವೆ ಎಂದು ಮೈರಾಡಕ್ಕೆ ಹೇಳಿದವು. ಆ ಜನಕ್ಕೆ ಸಾಲ ಮುಳುಗಿಸುವ ಉದ್ದೇಶವಿರಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ತಾವು ಕಟ್ಟಿದ ದುಡ್ಡು ಎಲ್ಲಿಗೆ ಹೋಯಿತು ಎಂದು ಕಣ್ಣಾರೆ ನೋಡುವಂತಿರಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು. ಒಬ್ಬರನ್ನೊಬ್ಬರು ಬಲ್ಲವರು ಸೇರಿದ ಈ ಗುಂಪುಗಳಿಗೆ ಬೆಂಬಲವಾಗಿ 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ನಮ್ಮ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ. ಅಂದರೆ ಈ ಗುಂಪುಗಳ ಮೂಲದಲ್ಲೇ ಲೆಕ್ಕ ತಿಳಿಯದವರ ಅಸಮಾಧಾನವಿದೆ.

ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರಬಾರದೆಂಬ ನಿಯಮಕ್ಕೆ ಕಾರಣವಾದದ್ದು ಒಂದು ಕಾನೂನು. 1956ರ ಕಂಪನಿ ಕಾಯ್ದೆಯ ಪ್ರಕಾರ, ಲಾಭದ ಉದ್ದೇಶಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿದರೆ ನೋಂದಣಿ ಮಾಡಿಸಲೇಬೇಕಿತ್ತು. ಅದನ್ನು ತಪ್ಪಿಸಲು ಹತ್ತರಿಂದ ಇಪ್ಪತ್ತು ಎಂಬ ಮಿತಿ ರೂಢಿಗೆ ಬಂತು. ಕಾನೂನಿನ ಕಾರಣ ಏನೇ ಇರಲಿ, ಒಂದು ಸಂಜೆಯಲ್ಲಿ ಎಲ್ಲರ ಲೆಕ್ಕವನ್ನೂ ಗಟ್ಟಿಯಾಗಿ ಓದಿ ಮುಗಿಸಬೇಕಾದರೆ ಅದಕ್ಕಿಂತ ದೊಡ್ಡ ಗುಂಪು ಆಗದು. ನಾವಿರುವುದು ಹದಿನೈದು ಜನ.

ನಮ್ಮಲ್ಲಿ ಓದುವ ಕ್ರಮ ಹೀಗಿದೆ. ಪ್ರಾರ್ಥನೆ ಮುಗಿದು ಹಾಜರಾತಿ ಹಾಕಿದ ಮೇಲೆ ಮೊದಲು ಹಿಂದಿನ ವಾರದ ನಡಾವಳಿ, ಆಮೇಲೆ ಶಿಲ್ಕು. ಪೆಟ್ಟಿಗೆಯಲ್ಲಿ ಇರಬೇಕಾದ ನಗದು ಇಷ್ಟು ಎಂದು ನಾನು ಓದುತ್ತೇನೆ. ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡಿರುವ ಪ್ರತಿನಿಧಿ ಅದನ್ನು ಎಲ್ಲರ ಮುಂದೆ ಚಾಪೆಯ ಮೇಲೆ ಎಣಿಸುತ್ತಾರೆ. ಬಳಿಕ ಒಬ್ಬೊಬ್ಬರದಾಗಿ ಉಳಿತಾಯ ಮತ್ತು ಸಾಲ. "ಹೊಲಿಗೆ ಯಂತ್ರದ ಸಾಲ ಹತ್ತು ಸಾವಿರ, ಹೋದ ತಿಂಗಳವರೆಗೆ ತೀರಿದ್ದು ಮೂರು ಸಾವಿರ, ಈಗ ಕಟ್ಟಿದ್ದು ಅಸಲು ಸಾವಿರ, ಬಡ್ಡಿ ನೂರ ನಲವತ್ತು, ಇನ್ನು ಬಾಕಿ ಆರು ಸಾವಿರ" ಎಂದು ಓದಿ, ಸಾಲ ಪಡೆದವರ ಪಾಸ್ ಪುಸ್ತಕವನ್ನು ಪಕ್ಕದಲ್ಲಿ ಕುಳಿತವರ ಕೈಗೆ ಕೊಡುತ್ತೇನೆ. ಅವರು ಪಾಸ್ ಪುಸ್ತಕದಲ್ಲಿರುವುದನ್ನು ಓದಬೇಕು. ಲೆಡ್ಜರಿನಲ್ಲಿರುವುದಕ್ಕೂ ಅದಕ್ಕೂ ತಾಳೆಯಾಗಬೇಕು. ಓದು ಬಾರದವರು ಪಕ್ಕದಲ್ಲಿದ್ದರೆ ಅವರ ಮಗ್ಗುಲಿನವರು ಓದಿ ಹೇಳುತ್ತಾರೆ. ಹೀಗೆ ಒಬ್ಬರ ಲೆಕ್ಕ ಕನಿಷ್ಠ ಮೂರು ಬಾಯಿಯಲ್ಲಿ ಹಾದುಹೋಗುತ್ತದೆ.

ಇದರಲ್ಲಿ ಹೊತ್ತು ಹೋಗುತ್ತದೆ ಎಂಬ ತಕರಾರು ಇದ್ದೇ ಇದೆ. ಒಲೆಯ ಮೇಲೆ ಎಸರು ಇಟ್ಟು ಬಂದವರೊಬ್ಬರು, "ಎಲ್ರುದ್ದೂ ಓದ್ಕಂಡು ಕೂತ್ರೆ ಮುದ್ದೆ ತಿರ್ವೋರು ಯಾರಕ್ಕ?" ಎಂದು ಕೇಳುವುದುಂಟು. ಆದರೆ ಓದುವುದನ್ನು ಬಿಟ್ಟು ಬರೀ ದುಡ್ಡು ವಸೂಲಿ ಮಾಡಿ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಕ್ಕಪಕ್ಕದ ಕೇರಿಗಳಲ್ಲಿ ಸಾಕ್ಷಿಗಳಿವೆ. ದುಡ್ಡು ಕೊಟ್ಟು ಎದ್ದು ಹೋಗುವುದಷ್ಟೇ ಸಭೆಯಾದರೆ, ಆ ದುಡ್ಡನ್ನು ಮಗುವಿನ ಕೈಯಲ್ಲಿ ಕಳಿಸಿದರೂ ಆಗುತ್ತದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಮಗು ಬರತೊಡಗಿದ ಮೇಲೆ ಅಮ್ಮ ಬರುವುದಿಲ್ಲ.

ಗೈರುಹಾಜರಿಗೆ ದಂಡ ಹಾಕುವ ಪದ್ಧತಿ ಬಹಳ ಸಂಘಗಳಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಐದೋ ಹತ್ತೋ ರೂಪಾಯಿ ದಂಡ ಕಟ್ಟಿದವರಿಗೆ ಸಭೆ ತಪ್ಪಿಸಲು ಹಕ್ಕು ಸಿಕ್ಕ ಹಾಗಾಗುತ್ತದೆ. "ದಂಡ ಕಟ್ಟಿದೀನಲ್ಲ" ಎಂಬ ಮಾತಿನ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಅದರ ಬದಲು ನಾವು ಮಾಡಿಕೊಂಡ ಏರ್ಪಾಡೆಂದರೆ, ಬಾರದವರ ಮನೆಗೆ ಅವರ ಬೀದಿಯ ಸದಸ್ಯರೊಬ್ಬರು ಅದೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗುವಾಗ ಇಣುಕಿ, ಏನೇನು ತೀರ್ಮಾನವಾಯಿತು ಎಂದು ಹೇಳಿ ಬರುವುದು. ಹೇಳಿದ್ದು ಸರಿಯಾಗಿ ತಲುಪಿದೆಯೇ ಎಂಬುದು ಮುಂದಿನ ವಾರ ನಡಾವಳಿ ಓದುವಾಗ ಗೊತ್ತಾಗಿಬಿಡುತ್ತದೆ. ಹೇಳುವವರಿಗೆ ಇದರಿಂದ ಇನ್ನೊಂದು ಲಾಭವಿದೆ: ಬೇರೆಯವರಿಗೆ ಹೇಳಬೇಕಲ್ಲ ಎಂಬ ಕಾರಣಕ್ಕೆ ಸಭೆಯಲ್ಲಿ ಅವರು ಕಿವಿಗೊಟ್ಟು ಕೂರುತ್ತಾರೆ.

ಈಗ ಎಲ್ಲದಕ್ಕೂ ವಾಟ್ಸಾಪ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ನಮ್ಮಲ್ಲೂ ಗುಂಪು ಮಾಡಿದ್ದೇವೆ. ಆದರೆ ಹದಿನೈದು ಜನರಲ್ಲಿ ಹಲವರ ಫೋನು ಅವರ ಕೈಯಲ್ಲಿರುವುದಿಲ್ಲ, ಮಗನ ಕೈಯಲ್ಲೋ ಗಂಡನ ಜೇಬಿನಲ್ಲೋ ಇರುತ್ತದೆ. ಯಾರು ಎಷ್ಟು ಸಾಲ ಕೇಳಿದ್ದಾರೆ, ಯಾರ ಕಂತು ತಪ್ಪಿದೆ ಎಂಬುದನ್ನು ಅಲ್ಲಿ ಹಾಕಿದರೆ ಅದು ಸದಸ್ಯರನ್ನು ತಲುಪುವ ಮೊದಲು ಅರಳೀಕಟ್ಟೆಯನ್ನು ತಲುಪುತ್ತದೆ. ಆದ್ದರಿಂದ ವ್ಯಕ್ತಿಯ ಹೆಸರಿರುವ ಯಾವ ಲೆಕ್ಕವನ್ನೂ ಅಲ್ಲಿ ಹಾಕುವಂತಿಲ್ಲ ಎಂದು ಠರಾವು ಮಾಡಿದ್ದೇವೆ. ಸಭೆಯ ದಿನ ಬದಲಾದರೆ, ಬ್ಯಾಂಕಿಗೆ ಬರಬೇಕಾದವರಿಗೆ ಯಾವ ಕಾಗದ ಬೇಕೆಂದು ತಿಳಿಸಬೇಕಾದರೆ ಮಾತ್ರ ಸಂದೇಶ; ಅದೂ ಬರೆದದ್ದಲ್ಲ, ಧ್ವನಿಯಲ್ಲಿ ಹೇಳಿದ್ದು. ಬರೆದದ್ದನ್ನು ಮಕ್ಕಳಿಂದ ಓದಿಸಬೇಕು, ಧ್ವನಿಯನ್ನು ತಾವೇ ಕೇಳಬಹುದು. ಶುಭೋದಯದ ಹೂವು, ದೇವರ ಚಿತ್ರಗಳಿಗೆ ಬೇರೆ ಗುಂಪು ಮಾಡಿಕೊಂಡಿದ್ದಾರೆ, ಅಲ್ಲಿ ನಾನಿಲ್ಲ.

ಇನ್ನು, ಯಾರಿಗೆ ಆಸಕ್ತಿ ಉಳಿಯುತ್ತದೆ, ಯಾರಿಗೆ ಹೋಗುತ್ತದೆ ಎಂಬ ವಿಷಯ. ಸಾಲವಿರುವವರು ಸಭೆ ತಪ್ಪಿಸಿದರೂ ಸಂಘವನ್ನು ಮರೆಯುವುದಿಲ್ಲ. ಮುಂದಿನ ಸಾಲ ಬೇಕಲ್ಲ. ಮೊದಲು ಮೌನವಾಗಿ, ಆಮೇಲೆ ಮೆಲ್ಲಗೆ ಕಳಚಿಕೊಳ್ಳುವವರು ಸಾಲ ತೆಗೆದುಕೊಳ್ಳದವರು. ಅವರು ಪ್ರತಿ ವಾರ ಐವತ್ತು ರೂಪಾಯಿ ಹಾಕುತ್ತಾರೆ, ಬೇರೆಯವರು ಅದನ್ನು ಸಾಲವಾಗಿ ಒಯ್ಯುತ್ತಾರೆ, ತಮ್ಮದೇನಾಯಿತು ಎಂಬುದು ಅವರಿಗೆ ಕಾಣಿಸುವುದಿಲ್ಲ. ಹದಿನೈದು ಜನ ವಾರಕ್ಕೆ ಐವತ್ತರಂತೆ ಹಾಕಿದರೆ ವಾರಕ್ಕೆ 750, ವರ್ಷಕ್ಕೆ 39,000 ರೂಪಾಯಿ. ಈ ಅಂಕಿಯನ್ನು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಬಡ್ಡಿಯ ದಾರಿಯನ್ನು ಬಿಡಿಸಿ ಹೇಳಿದರೆ ಎತ್ತುತ್ತಾರೆ. ಹೊಲಿಗೆ ಯಂತ್ರದ ಆ ಹತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ಮೊದಲ ತಿಂಗಳು 200, ಅಸಲು ಇಳಿದ ಹಾಗೆ 180, 160 ಎಂದು ಇಳಿಯುತ್ತ, ಹತ್ತನೆಯ ಕಂತಿಗೆ 20. ಒಟ್ಟು ಬಡ್ಡಿ 1,100 ರೂಪಾಯಿ. ಈ ಬಡ್ಡಿ ಹೊರಗೆ ಹೋಗದೆ ಸಂಘದಲ್ಲೇ ಉಳಿಯುತ್ತದೆ. ಹದಿನೈದು ಜನಕ್ಕೆ ಹಂಚಿದರೆ ತಲೆಗೆ 73 ರೂಪಾಯಿ ಚಿಲ್ಲರೆ, ಒಂದೇ ಸಾಲದಿಂದ. ಇದನ್ನು ಸೀಮೆಸುಣ್ಣದಲ್ಲಿ ಅಂಗನವಾಡಿಯ ಕಪ್ಪು ಹಲಗೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದು ತೋರಿಸಿದ ದಿನ, ಎಂದೂ ಸಾಲ ಮುಟ್ಟದ ಹಿರಿಯರೊಬ್ಬರು, "ಹಂಗಾರೆ ಅವ್ಳು ಕಂತು ತಪ್ಪುಸುದ್ರೆ ನನ್ ದುಡ್ಡೇ ತಾನೆ ನಿಂತೋಗೋದು?" ಎಂದರು. ಅಂದಿನಿಂದ ಕಂತು ತಪ್ಪಿದವರನ್ನು ಕೇಳುವ ಕೆಲಸವನ್ನು ಪ್ರತಿನಿಧಿಗಳ ತಲೆಗೆ ಕಟ್ಟುವವರಿಲ್ಲ. ಅದನ್ನು ಆ ಹಿರಿಯರೇ ಮಾಡುತ್ತಾರೆ, ಸ್ವಲ್ಪ ಜೋರಾಗಿಯೇ ಮಾಡುತ್ತಾರೆ. ಆ ಜೋರನ್ನು ತಗ್ಗಿಸುವುದು ನಮಗೆ ಆಗಾಗ ಬೇರೆಯೇ ಕೆಲಸ.

ಬ್ಯಾಂಕಿನ ವ್ಯವಹಾರ ಪ್ರತಿನಿಧಿಗಳಿಬ್ಬರಿಗಷ್ಟೇ ಗೊತ್ತಿರುವುದು ಸಂಘಗಳಿಗೆ ಬಹಳ ದಿನಗಳಿಂದ ಇರುವ ಕಾಯಿಲೆ. ಸಹಿ ಮಾಡುವವರು ಅವರು, ಬಸ್ಸಿನ ದುಡ್ಡು ಕೊಡುವುದೂ ಅವರಿಬ್ಬರಿಗೇ, ಹಾಗಾಗಿ ಮೂರನೆಯವರು ಬ್ಯಾಂಕಿನ ಬಾಗಿಲು ಕಾಣುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವೆಂದಾದ ಮೇಲೆ ಈ ನೆಪ ಹೋಯಿತು. ಈಗ ಪ್ರತಿ ಸಲ ಪ್ರತಿನಿಧಿಗಳ ಜೊತೆಗೆ ಸರದಿಯಂತೆ ಮತ್ತೊಬ್ಬ ಸದಸ್ಯರು ಹೋಗುತ್ತಾರೆ. ಸಂಘದ ಪಾಸ್ ಪುಸ್ತಕಕ್ಕೆ ನಮೂದು ಹಾಕಿಸಿಕೊಂಡು ಬಂದು ಅದನ್ನು ಸಭೆಯಲ್ಲಿ ಓದಬೇಕಾದವರು ಈ ಮೂರನೆಯವರೇ. ಮೊದಲ ಸಲ ಹೋದವರು ಬ್ಯಾಂಕ್ ಕಡಿದುಕೊಂಡ ಸಣ್ಣಪುಟ್ಟ ಶುಲ್ಕಗಳನ್ನೂ ಬಿಡದೆ ಓದಿ, ಇದು ಯಾಕೆ, ಅದು ಯಾಕೆ ಎಂದು ಕೇಳುತ್ತಾರೆ. ನಮಗೆ ರೂಢಿಯಾಗಿ ಕಣ್ಣಿಗೆ ಬೀಳದೆ ಹೋದದ್ದು ಅವರಿಗೆ ಕಾಣಿಸುತ್ತದೆ.

ಹೊರಗಿನಿಂದ ಬರುವ ಮಾಹಿತಿಯದೇ ಇನ್ನೊಂದು ಕಾಟ. ಸಂಘವೆಂದರೆ ಕರೆದಾಗ ಸೇರುವ ಸಭಿಕರು ಎಂದು ಎಷ್ಟೋ ಇಲಾಖೆಗಳು, ಸಂಸ್ಥೆಗಳು ತಿಳಿದಿವೆ. ಜಾಥಾ, ಶಿಬಿರ, ಉದ್ಘಾಟನೆ, ವಿಮೆಯ ಪ್ರಚಾರ, ಎಲ್ಲದಕ್ಕೂ "ನಿಮ್ಮ ಸಂಘದಿಂದ ಹತ್ತು ಜನ ಕಳಿಸಿ" ಎಂಬ ಫೋನು ಬರುತ್ತದೆ. ಉಪಯೋಗದ ವಿಷಯಗಳೂ ಇರುತ್ತವೆ, ಇಲ್ಲವೆನ್ನಲಾರೆ. ಆದರೆ ಸಭೆಯ ಮೊದಲಿಗೇ ಇವನ್ನು ಹೇಳಲು ಹೊರಟರೆ, ಗೃಹಲಕ್ಷ್ಮಿಯ ಎರಡು ಸಾವಿರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ಮಾತಿಗೆ ತಿರುಗಿ, ಸಂಘದ ಲೆಕ್ಕಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ನಿಂತಿರುತ್ತಾರೆ. ಆದ್ದರಿಂದ ಹೊರಗಿನ ವಿಷಯಗಳೆಲ್ಲ ಕೊನೆಗೆ, ಲೆಕ್ಕ ಮುಗಿದು ಸಹಿ ಬಿದ್ದ ಮೇಲೆ. ಬೇಕಾದವರು ಕುಳಿತು ಕೇಳುತ್ತಾರೆ, ಬೇಡದವರು ಮನೆಗೆ ಹೋಗುತ್ತಾರೆ. ಇದಕ್ಕಾಗಿ ನಮ್ಮ ಸಂಘದವರಿಗೆ ಸಹಕಾರ ಸಾಲದು ಎಂಬ ದೂರು ಒಮ್ಮೆ ಬಂದದ್ದುಂಟು.

ಸದ್ಯಕ್ಕೆ ನಮ್ಮ ಮುಂದಿರುವ ಚರ್ಚೆ ವಾರದ ಸಭೆಯನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕೆಂಬುದು. ರಾಗಿ ಕೊಯ್ಲಿನ ಕಾಲದಲ್ಲಿ ವಾರವಾರ ಸೇರುವುದು ಕಷ್ಟ ಎಂಬುದು ಕೇಳಿದವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕೂಲಿಗೆ ಹೋಗುವವರಿಗೆ ವಾರಕ್ಕೆ ಐವತ್ತು ಹೊಂದಿಸುವುದಕ್ಕೂ ಒಂದೇ ಸಲ ನೂರು ಹೊಂದಿಸುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ಅವರಲ್ಲೇ ಇಬ್ಬರು ಹೇಳಿದ್ದಾರೆ. ಇಂಥ ಬದಲಾವಣೆಯನ್ನು ಒಂದೇ ಸಭೆಯಲ್ಲಿ ಕೈ ಎತ್ತಿಸಿ ಮುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಸಭೆಯಲ್ಲಿ ವಿಷಯ ಇಡಬೇಕು, ಬಾರದವರಿಗೆ ಬೀದಿಯವರು ತಿಳಿಸಬೇಕು, ಮುಂದಿನ ಸಭೆಯಲ್ಲಿ ಪ್ರತಿಯೊಬ್ಬರೂ ಬಾಯಿ ಬಿಟ್ಟು ತಮ್ಮ ಅಭಿಪ್ರಾಯ ಹೇಳಬೇಕು; ಆಮೇಲಷ್ಟೇ ಠರಾವು, ಸೂಚಕರು, ಅನುಮೋದಕರು. ಮೊದಲ ಸಭೆ ಆಗಿದೆ. ಎರಡನೆಯದು ಬರುವ ಗುರುವಾರ. ಕೊಯ್ಲಿನ ಎರಡು ತಿಂಗಳು ಮಾತ್ರ ಸಭೆಯನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡು ವಾರದ ಕ್ರಮವನ್ನು ಹಾಗೇ ಉಳಿಸೋಣ ಎಂದು ನಾನು ಹೇಳಲಿದ್ದೇನೆ, ಆದರೆ ಪುಸ್ತಕ ಬರೆಯುವವಳು ಕೊನೆಯಲ್ಲಿ ಮಾತಾಡಬೇಕೆಂಬುದೂ ನಮ್ಮಲ್ಲಿರುವ ನಿಯಮ.